ಎರಡಕ್ಕೂ ಕುಂಕುಮ

ಬುಧವಾರ ಬೆಳಿಗ್ಗೆ ಪುಟ್ಟಲಕ್ಷ್ಮಿ ದೇವರ ಗೂಡಿನಲ್ಲಿ ಎರಡು ಪೆನ್ ಡ್ರೈವ್ ಕಂಡಳು. ಎರಡೂ ಅವಳಿ ಮಕ್ಕಳ ಹಾಗೆ ಒಂದೇ ಅಳತೆ, ಒಂದೇ ಕಪ್ಪು. ಆದರೆ ಒಂದರ ನೆತ್ತಿಯ ಮೇಲೆ ಕುಂಕುಮವಿತ್ತು, ಇನ್ನೊಂದು ಬೋಳು ಹಣೆಯಲ್ಲಿ ಕೂತಿತ್ತು. ದೇವರ ಮುಂದೆ ಒಬ್ಬರಿಗೆ ಇಟ್ಟು ಇನ್ನೊಬ್ಬರಿಗೆ ಬಿಡುವುದುಂಟೇ? ಅವಳು ಬೋಳು ಹಣೆಗೂ ಒಂದು ಬೊಟ್ಟು ಇಟ್ಟು, ಕೈಮುಗಿದು, ಹಾಲು ಉಕ್ಕುವ ವಾಸನೆ ಬಂತೆಂದು ಒಳಗೆ ಓಡಿದಳು.

ಅವಳ ಗಂಡ ಚೆಲುವರಾಜುವಿನ ಅವತ್ತಿನ ಗ್ರಹಚಾರವೆಲ್ಲ ಈ ಒಂದು ಬೊಟ್ಟಿನಿಂದ ಹುಟ್ಟಿತು.

ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಚೆಲುವರಾಜುವಿನ ಸ್ಟುಡಿಯೋ. ಹತ್ತು ವರ್ಷದಿಂದ ಮದುವೆ ವಿಡಿಯೋ ತೆಗೆದು ಕೈ ಪಳಗಿದ ಆಸಾಮಿ. ಅವನ ಮಿಕ್ಸಿಂಗಿನಲ್ಲಿ ವಧೂವರರು ಕಮಲದ ಹೂವಿನೊಳಗಿಂದ ಹುಟ್ಟಿ ಬರುತ್ತಿದ್ದರು. ಗಂಡಿನ ಅಂಗೈ ಮೇಲೆ ಹೆಣ್ಣು ಗುಬ್ಬಚ್ಚಿಯಷ್ಟಾಗಿ ಕೂತು ನಾಚುತ್ತಿದ್ದಳು. ಸೋಸಲೆಯಿಂದಾಚೆಗೆ ಬಸ್ಸು ಹತ್ತದ ಜೋಡಿ ಹಿಮದ ಬೆಟ್ಟದ ಮೇಲೆ ಪಂಚೆ, ರೇಷ್ಮೆ ಸೀರೆಯಲ್ಲಿ ಒಂದಿಷ್ಟೂ ನಡುಗದೆ ನಿಲ್ಲುತ್ತಿತ್ತು. ಜನಕ್ಕೆ ಅದೇ ಬೇಕಿತ್ತು, ಅವನಿಗೂ ಅದೇ ಸಾಕಿತ್ತು.

ಕೆಟ್ಟದ್ದು ಎರಡು ವರ್ಷದ ಹಿಂದೆ. ಮೈಸೂರಿನಲ್ಲಿ ಫೋಟೋಗ್ರಾಫರುಗಳಿಗೆ ಎರಡು ದಿನದ ಶಿಬಿರ ನಡೆಯಿತು. ಊಟ ಚೆನ್ನಾಗಿರುತ್ತದೆಂದು ಹೋದ ಚೆಲುವರಾಜುವಿಗೆ ಗಡ್ಡದ ಮೇಷ್ಟ್ರೊಬ್ಬರು ಒಂದಷ್ಟು ಸಿನಿಮಾ ಹಾಕಿಕೊಟ್ಟರು. ಒಂದರಲ್ಲಿ ಒಬ್ಬ ಮನುಷ್ಯ ಬಿಳಿ ಕೋಣೆಯಲ್ಲಿ ಕೂತು ಹದಿನಾಲ್ಕು ನಿಮಿಷ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾನೆ, ಕೊನೆಗೆ ನೋಡಿದರೆ ಸಿಪ್ಪೆಯೆಲ್ಲ ಅವನದೇ. ಇನ್ನೊಂದರಲ್ಲಿ ಒಬ್ಬಳ ನೆರಳು ಅವಳನ್ನು ಮೇಲೇ ಬಿಟ್ಟು ಮೆಟ್ಟಿಲಿಳಿದು ಪೇಟೆಗೆ ಹೋಗುತ್ತದೆ. ಮತ್ತೊಂದರಲ್ಲಿ ಇಡೀ ಮನೆ ಕೆಂಪು, ಗೋಡೆ ಮೆಲ್ಲಗೆ ಉಸಿರಾಡುತ್ತದೆ. ಮೊದಲ ಸಲ ನೋಡಿದಾಗ ಕಾಪಿ ಮಾಡುವಾಗಲೇ ಕೆಟ್ಟುಹೋಗಿದೆ ಅಂದುಕೊಂಡ. ಎರಡನೇ ಸಲಕ್ಕೆ ನಿದ್ದೆ ಬಂತು. ಮೂರನೇ ಸಲ, ಆ ಹೆಂಗಸು ತನ್ನ ನೆರಳು ವಾಪಸ್ ಬರಲೆಂದು ಬಾಗಿಲು ತೆರೆದಿಟ್ಟು ಕಾಯುವಾಗ, ಯಾಕೋ ಕಣ್ಣಲ್ಲಿ ನೀರು ಬಂತು. ಸತ್ತ ಅಪ್ಪನಿಗಾಗಿ ಅವನ ಅವ್ವ ಹೀಗೇ ಒಂದು ವರ್ಷ ಬಾಗಿಲು ಹಾಕದೆ ಕೂತಿದ್ದು ನೆನಪಾಯಿತು. ತಲೆಯೊಳಗೆ ನಡೆಯುವುದನ್ನು ಹೊರಗೆ ಹೀಗೂ ತೋರಿಸಬಹುದೇ ಎಂದು ಬೆರಗಾದ.

ಅವತ್ತಿನಿಂದ ಕಮಲದ ಹೂ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬಂದವರಿಗೂ "ಗದ್ದ ಎತ್ತಿ" ಅನ್ನುವುದು ಬಿಟ್ಟು, "ಒಳಗಿನ ನೋವು ಏನಾದ್ರೂ ಇದ್ರೆ ನೆನೆಸ್ಕೊಳ್ಳಿ" ಅನ್ನತೊಡಗಿದ. ಪಾಸ್‌ಬುಕ್ಕಿಗೆ ಅಂಟಿಸಿದ ಅಂಥದೊಂದು ಫೋಟೋ ನೋಡಿ ಬ್ಯಾಂಕಿನವರು, "ಇವ್ರು ಇದ್ದಾರಾ?" ಎಂದು ಕೇಳಿದ್ದರು. ಎದುರಿಗೆ ಕೂತಿದ್ದವರೇ ಅವರು.

ಈ ಹುಚ್ಚಿನಲ್ಲೇ ಅವನು ನಂಜನಗೂಡಿನ ಪುಟ್ಟಬಸವಯ್ಯನವರ ಮಗಳು ದಿವ್ಯಳ ಮದುವೆ ತೆಗೆದದ್ದು. ಎರಡು ಕ್ಯಾಮೆರಾ ಇಟ್ಟು, ಎರಡು ಮನಸ್ಸಿನಿಂದ ತೆಗೆದು, ಎರಡು ವಿಡಿಯೋ ಮಾಡಿದ. ಒಂದು ಮನೆಯವರಿಗೆ: ಕಮಲ, ಹಾರ್ಟು, ಹಿಮದ ಬೆಟ್ಟ, ಎಲ್ಲ ಸೇರಿದ ಪೂರ್ತಿ ಮಿಕ್ಸಿಂಗ್. ಇನ್ನೊಂದು ತನಗೆ: ‘ಖಾಲಿ ಕುರ್ಚಿಯ ಮುಂದೆ’ ಎಂದು ಹೆಸರಿಟ್ಟು ಮೈಸೂರಿನ ಗಡ್ಡದ ಮೇಷ್ಟ್ರಿಗೆ ಕಳಿಸಬೇಕೆಂದಿದ್ದ ಮುಕ್ಕಾಲು ಗಂಟೆಯ ಚಿತ್ರ. ಅದರಲ್ಲಿ ಮದುವೆ ಇತ್ತು, ಮದುವೆಗೆ ಬಂದವರು ಇರಲಿಲ್ಲ.

ಮನೆಯವರದ್ದಕ್ಕೆ ಗುರುತಿಗೆ ಇರಲಿ, ಶುಭಕ್ಕೂ ಇರಲಿ ಎಂದು ಅವನೇ ಕುಂಕುಮ ಹಚ್ಚಿ ಗೂಡಿನಲ್ಲಿಟ್ಟಿದ್ದ. ಈಗ ನೋಡಿದರೆ ಎರಡೂ ಮುತ್ತೈದೆಯರು.

"ಏನ್ ಮಾಡ್ದೆ ಪುಟ್ಟಲಕ್ಷ್ಮೀ?"

"ಏನ್ ಮಾಡ್ದೆ? ನೀವು ಮರ್ತಿದ್ದನ್ನ ನಾನ್ ಮಾಡ್ದೆ. ಅದ್ಯಾಕ್ ಪಾಪ, ಒಂದನ್ನ ಅಂಗೇ ಬುಟ್ಟಿದ್ರಿ?"

"ಅಂಗೇ ಬುಟ್ಟಿದ್ದೇ ಗುರುತು ಕಣೇ!"

"ಅಯ್ಯ, ಗುರುತಿಗೆ ದಾರ ಕಟ್ಬೇಕಾಗಿತ್ತಪ್ಪ. ಕುಂಕುಮದ ತಾವ ಆಟ ಆಡ್ತಾರಾ ಯಾರಾದ್ರೂ?"

ಕಂಪ್ಯೂಟರಿಗೆ ಹಾಕಿ ನೋಡೋಣವೆಂದು ಅಂಗಡಿಗೆ ಓಡಿದ. ಬುಧವಾರ ಲೈನ್ ಕೆಲಸ, ಸಂಜೆ ಐದರವರೆಗೆ ಕರೆಂಟಿಲ್ಲ. ಯುಪಿಎಸ್ಸು ಕೀ ಕೀ ಎಂದು ಎರಡು ಸಲ ಅತ್ತು ಕಣ್ಣು ಮುಚ್ಚಿತು.

ಬೇರೆ ದಿನವಾಗಿದ್ದರೆ ನಾಳೆ ಕೊಡುತ್ತೇನೆ ಅನ್ನಬಹುದಿತ್ತು. ಅವತ್ತು ಹಾಗನ್ನುವಂತಿರಲಿಲ್ಲ. ಆಷಾಢಕ್ಕೆ ತವರಿಗೆ ಬಂದಿದ್ದ ದಿವ್ಯಳನ್ನು ಕರೆದುಕೊಂಡು ಹೋಗಲು ಬೀಗರು ಚಿಕ್ಕಯ್ಯನಛತ್ರದ ಕಡೆಯಿಂದ ಒಂದು ವ್ಯಾನು ತುಂಬ ಬರುವವರಿದ್ದರು. ಊಟಕ್ಕೆ ಮೊದಲು ಎರಡೂ ಕಡೆಯವರು ಒಟ್ಟಿಗೆ ಕೂತು ಮದುವೆ ವಿಡಿಯೋ ನೋಡುವುದೆಂದು ಮಾತಾಗಿತ್ತು. ಅದಕ್ಕಿಂತ ದೊಡ್ಡದು, ಬಸವಪ್ರಸಾದ್ ಅಲ್ಲಿಗೆ ಬರುವವನಿದ್ದ.

ಬಸವಪ್ರಸಾದ್ ದಿವ್ಯಳ ಮದುವೆ ನಡೆದ ನಂಜನಗೂಡಿನ ಕಲ್ಯಾಣ ಮಂಟಪದ ಮ್ಯಾನೇಜರು. ‘ಶಾಮಿಯಾನ, ಕುರ್ಚಿ, ಪಾತ್ರೆ. ಶುಭಕಾರ್ಯ ಹಾಗೂ ಇತರೆ ಕಾರ್ಯಗಳಿಗೆ ಸಂಪರ್ಕಿಸಿ’ ಎಂಬ ಕಾರ್ಡು ಅವನ ಜೇಬಿನಿಂದ ಇಣುಕುತ್ತಲೇ ಇರುತ್ತಿತ್ತು. ಮಂಟಪಕ್ಕೆ ಖಾಯಂ ವಿಡಿಯೋದವನೊಬ್ಬ ಬೇಕಾಗಿತ್ತು. "ಬುಧವಾರ ನಾನೂ ಅಲ್ಲೇ ಇರ್ತೀನಿ. ನಿನ್ ಕೆಲಸ ನೋಡಿ ಅವತ್ತೇ ಹೇಳ್ತೀನಿ" ಅಂದಿದ್ದ. ಅದು ಸಿಕ್ಕರೆ ಸ್ಟುಡಿಯೋ ಉಳಿಯುತ್ತಿತ್ತು. ಸಿಗದಿದ್ದರೆ ಕ್ಯಾಮೆರಾ ಮಾರಿ ಜೆರಾಕ್ಸ್ ಮೆಷಿನ್ನಿನ ಮುಂದೆ ನಿಲ್ಲುವುದೇ ಗತಿಯೆಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು.

ಎರಡನ್ನೂ ಜೇಬಿಗೆ ಹಾಕಿ, ‘ದಿವ್ಯ ವೆಡ್ಸ್ ಗುರು’ ಎಂದು ಚಿನ್ನದ ಬಣ್ಣದಲ್ಲಿ ಬರೆದ ಆಲ್ಬಮ್ ಪೆಟ್ಟಿಗೆಯನ್ನು ತೊಟ್ಟಿಲ ಮಗುವಿನಂತೆ ಎತ್ತಿಕೊಂಡು ಅವನು ಬಸ್ ಸ್ಟ್ಯಾಂಡಿಗೆ ಬಂದಾಗ ಹತ್ತೂವರೆ. ನಂಜನಗೂಡಿಗೆ ಹೊರಡುವ ಪ್ರೈವೇಟ್ ಬಸ್ಸು ಗುರುಗುಡುತ್ತಿತ್ತು. ಡ್ರೈವರ್ ಮಾದಯ್ಯ ಪರಿಚಯದವನು. ಅವನ ತಲೆಯ ಮೇಲೆ ಒಂದು ಟಿವಿ. ಟಿವಿಯ ಪಕ್ಕದಲ್ಲಿ ಪೆನ್ ಡ್ರೈವ್ ಹಾಕುವ ಸಂದು!

ಚೆಲುವರಾಜುವಿಗೆ ಹೋದ ಜೀವ ಬಂತು.

"ಮಾದಣ್ಣ, ಒಂದ್ ನಿಮಿಷ ಇದನ್ನ ಹಾಕಿ ನೋಡ್ಲಾ? ಯಾವುದು ಅಂತ ಗೊತ್ತಾದ್ರೆ ಸಾಕು."

"ಹಾಕಪ್ಪ, ಹಾಕು. ಅದೇ ಮೂರು ಸಿನಿಮಾ ನೋಡಿ ನೋಡಿ ನಮ್ ಕಂಡಕ್ಟ್ರು ಡೈಲಾಗಲ್ಲೇ ಟಿಕೆಟ್ ಕೊಡ್ತಾವ್ನೆ" ಅಂದ ಮಾದಯ್ಯ.

ಒಂದನ್ನು ಸಂದಿಗೆ ತುರುಕುವ ಮುಂಚೆ ಚೆಲುವರಾಜು ಬುದ್ಧಿವಂತಿಕೆ ಮಾಡಿದ. ಇನ್ನೊಂದು ತನ್ನ ಜೇಬಲ್ಲೇ ಇದ್ದರೆ ಕೊನೆಗೆ ಎರಡೂ ಒಂದೇ ಜೇಬಿಗೆ ಸೇರಿ ಮತ್ತೆ ಕಲೆತುಹೋಗುತ್ತವೆ. ಮುಂದಿನ ಸೀಟಿನಲ್ಲಿ ಎಲೆಯಡಿಕೆ ಚೀಲ ಬಿಚ್ಚಿ ಕೂತಿದ್ದ ಮುದುಕಿ ಗೋವಿಂದಮ್ಮನ ಕೈಗೆ ಅದನ್ನು ಕೊಟ್ಟ. "ಅವ್ವ, ಒಸಿ ಇಟ್ಕೊಂಡಿರು. ಈಗ ಇಸ್ಕತೀನಿ."

"ಇದೇನಪ್ಪ, ತಾಯ್ತಾನಾ? ಕುಂಕುಮ ಅದೆ?"

"ತಾಯ್ತ ಅಂತ್ಲೇ ತಿಳ್ಕೊ."

ಬಸ್ಸು ಹೊರಟಿತು. ಟಿವಿಯಲ್ಲಿ ಚಿತ್ರ ಮೂಡಿತು. ಮಂಟಪದ ಸೀಲಿಂಗ್ ಫ್ಯಾನು. ಅದು ತಿರುಗುತ್ತಿತ್ತು. ತಿರುಗುತ್ತಲೇ ಇತ್ತು.

ಚೆಲುವರಾಜು ನಿಟ್ಟುಸಿರು ಬಿಟ್ಟ. ಸಂದಿಯಲ್ಲಿರುವುದು ತನ್ನದು. ಹಾಗಾದರೆ ಗೋವಿಂದಮ್ಮನ ಕೈಯಲ್ಲಿರುವುದೇ ಮನೆಯವರದು. ಮುಗಿಯಿತು, ಗೆದ್ದೆ! ತೆಗೆಯೋಣವೆಂದು ಕೈ ಚಾಚಿದ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಏಯ್, ಇರ್ಲಿ ಬುಡಣ್ಣ. ಫ್ಯಾನ್ ಅಂಗಡಿ ಅಡ್ವಟೈಸು. ಈಗ ರೇಟ್ ಹಾಕ್ತಾರೆ."

"ಅಡ್ವಟೈಸ್ ಅಲ್ಲ ಕಣ್ಲಾ, ಈಗ ಕರೆಂಟ್ ಓಯ್ತದೆ ನೋಡ್ತಿರು."

ಫ್ಯಾನು ಹೋಗಿ ಕಲಶದ ತೆಂಗಿನಕಾಯಿ ಬಂತು. ಅರಿಶಿನ ಹಚ್ಚಿದ ಕಾಯಿ ಇಡೀ ಟಿವಿಯನ್ನು ತುಂಬಿ, ಬೆಟ್ಟದಂತೆ ನಿಂತಿತ್ತು. ಅದರ ಬುಡದಲ್ಲಿ ಒಂದು ಇರುವೆ ಬಾಯಲ್ಲಿ ಅಕ್ಷತೆಯ ಕಾಳು ಕಚ್ಚಿಕೊಂಡು ಏರತೊಡಗಿತು. ಹಿನ್ನೆಲೆಯಲ್ಲಿ ವಾಲಗದ ಬದಲು ಯಾರದೋ ಎದೆಬಡಿತ.

ಬಸ್ಸಿನಲ್ಲಿ ಮಾತು ಒಂದೊಂದೇ ಕಮ್ಮಿಯಾಯಿತು. ಇರುವೆ ಅರ್ಧ ಏರಿತು, ಜಾರಿತು. "ಅಯ್ಯೋ!" ಅಂದಿತು ಇಡೀ ಬಸ್ಸು. ಮತ್ತೆ ಏರಿತು. ಎದ್ದು ನಿಂತವನನ್ನು ಹಿಂದಿನವರು "ಕೂತ್ಕೊಳ್ಲಾ, ಇರುವೆ ಕಾಣ್ತಿಲ್ಲ" ಎಂದು ಬೈದರು. ಕಂಡಕ್ಟರು ಚಿಲ್ಲರೆ ಕೊಡುವುದು ಮರೆತ. ಗೋವಿಂದಮ್ಮ ಬಾಯಿಗಿಡಬೇಕಾದ ಎಲೆಯನ್ನು ಕೈಯಲ್ಲೇ ಹಿಡಿದು, "ಪಾಪ, ನನ್ ಸೊಸೆ ಕಣಪ್ಪ ಅದು. ನಮ್ ಮನೆ ಸೇರ್ದಾಗ್ಲಿಂದ ಇಂಗೇ ಒತ್ತು ಒತ್ತು ಸಾಯ್ತಾವ್ಳೆ. ನಾನೇ ಜಾರಿಸ್ತೀನಿ ಒಂದೊಂದ್ ಸಲ" ಅಂದಳು.

ಚೆಲುವರಾಜುವಿನ ಮೈ ಜುಮ್ಮೆಂದಿತು. ಎರಡು ವರ್ಷದಿಂದ ಒಬ್ಬ ನರಪಿಳ್ಳೆಗೂ ತಿಳಿಸಲಾಗದ್ದನ್ನು ಈ ಮುದುಕಿ ಸುಣ್ಣ ಹಚ್ಚುವಷ್ಟರಲ್ಲಿ ಹೇಳಿಬಿಟ್ಟಿದ್ದಳು. ಆ ಖುಷಿಯಲ್ಲಿ ಅವನು ತಾನು ಯಾಕೆ ಬಸ್ಸು ಹತ್ತಿದೆ ಎಂಬುದನ್ನೇ ಮರೆತ.

"ಅಯ್ಯಯ್ಯೋ, ಸುತ್ತೂರು ಓಯ್ತಲ್ಲಪ್ಪೋ! ನಿಲ್ಸೋ ಮಾದಯ್ಯ!" ಗೋವಿಂದಮ್ಮ ಕಿರುಚಿದಳು. ಇರುವೆಯ ಗುಂಗಿನಲ್ಲಿ ಅವಳು ಇಳಿಯುವ ಜಾಗ ದಾಟಿ ಅರ್ಧ ಮೈಲಿಯಾಗಿತ್ತು. ಬಸ್ಸು ನಿಂತಿತು. ಅವಳು ಬೈಯುತ್ತಾ ಇಳಿದಳು. ಬಸ್ಸು ಇನ್ನೇನು ಹೊರಡಬೇಕು, ಚೆಲುವರಾಜುವಿಗೆ ನೆನಪಾಯಿತು.

"ನನ್ ಪೆನ್ ಡ್ರೈವು!"

ಆಲ್ಬಮ್ ಪೆಟ್ಟಿಗೆಯನ್ನು ಸೀಟಿನ ಮೇಲೆ ಬಿಟ್ಟು ಧುಮುಕಿದ. ಹಿಂದೆ ನಿಂತಿದ್ದವರು ಸೀಟು ಖಾಲಿಯಾದ ಸಂತೋಷದಲ್ಲಿ "ರೈಟ್ ರೈಟ್" ಅಂದರು. ಬಸ್ಸು ಅವನ ಇರುವೆಯನ್ನೂ ಆಲ್ಬಮ್ಮನ್ನೂ ಹೊತ್ತು ಹೊರಟೇ ಹೋಯಿತು.

ಎಪ್ಪತ್ತರ ಗೋವಿಂದಮ್ಮ ಗದ್ದೆಯ ಬದುವಿನ ಮೇಲೆ ಇಪ್ಪತ್ತರವಳ ಹಾಗೆ ನಡೆಯುತ್ತಿದ್ದಳು. ಚೆಲುವರಾಜು ಎರಡು ಸಲ ಜಾರಿ, ಒಂದು ಸಲ ಬಿದ್ದು, ಮೊಣಕಾಲಿನವರೆಗೆ ಕೆಸರಾಗಿ ಅವಳನ್ನು ಹಿಡಿದ.

"ಅವ್ವಾ, ತಾಯ್ತ!"

"ಓ, ನಿಂದಲ್ವಾ ಅದು? ಮರ್ತೇ ಓಗಿತ್ತು ಕಣಪ್ಪ." ಅವಳು ಬದುವಿನ ಮೇಲೆ ಕೂತು ಚೀಲ ಬಿಚ್ಚಿದಳು. ಎಲೆ ಬಂತು, ಅಡಿಕೆ ಬಂತು, ಹೊಗೆಸೊಪ್ಪು, ಬೀಗದಕೈ, ಮೊಮ್ಮಗನ ಉದುರಿದ ಹಲ್ಲು ಬಂತು. ಕೊನೆಗೆ ತಳದಿಂದ ಬೆಳ್ಳಗಿನ ಒಂದು ಮುದ್ದೆ ಬಂತು.

"ಸುಣ್ಣದ ಡಬ್ಬಿ ಬಾಯ್ ಬುಟ್ಕಂಡದೆ ಕಣಪ್ಪ. ಯೋಚ್ನೆ ಮಾಡ್ಬೇಡ, ತಡಿ." ಅವಳು ಅದಕ್ಕೆ ಉಗುಳು ಹಚ್ಚಿ, ಸೆರಗಿನಿಂದ ತಿಕ್ಕಿ, ಸಂದಿನೊಳಕ್ಕೆ ಕಡ್ಡಿ ಹಾಕಿ ಕೆರೆದು, ಬಿಸಿಲಿಗೆ ಹಿಡಿದು ನೋಡಿದಳು. "ತಕ್ಕೋ, ಮುತ್ತಂಗ್ ಆಯ್ತು. ಅದ್ಸರಿ, ಆ ಇರುವೆ ತುದಿ ಮುಟ್ತಾ?"

"ಮುಟ್ಟಲ್ಲ ಅವ್ವ. ಮುಟ್ಟೋಕ್ ಮುಂಚೆ ಕಾಯಿ ಒಡೀತಾರೆ."

"ನಾನ್ ಅಂದ್ಕಂಡೆ" ಅಂದ ಗೋವಿಂದಮ್ಮ ಮುಖ ಬಾಡಿಸಿಕೊಂಡು ಹೋದಳು. ಆ ಸಂಜೆ ಸೊಸೆಯ ಜತೆ ಮೆತ್ತಗೆ ಮಾತಾಡಿದಳೋ ಏನೋ, ನಮಗೆ ಗೊತ್ತಿಲ್ಲ.

ರಸ್ತೆಗೆ ಬಂದು ನಿಂತ ಚೆಲುವರಾಜು ಲೆಕ್ಕ ಹಾಕಿದ. ಮನೆಯವರದು ಕೈಯಲ್ಲಿದೆ. ತನ್ನದು ಬಸ್ಸಲ್ಲಿ ಹೋದರೆ ಹೋಗಲಿ, ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇದೆ. ಆಲ್ಬಮ್ ಮಾದಯ್ಯನ ಹತ್ತಿರ ಭದ್ರ. ಎಲ್ಲ ಸರಿಹೋಗುತ್ತದೆ, ಹೊತ್ತಿಗೆ ಸರಿಯಾಗಿ ತಲುಪಿದರೆ. ಹೊತ್ತು ಮಾತ್ರ ಅವನಿಗಾಗಿ ನಿಲ್ಲುತ್ತಿರಲಿಲ್ಲ, ಒಂದು ಗಾಡಿಯೂ ನಿಲ್ಲುತ್ತಿರಲಿಲ್ಲ. ಕಾಲೆಲ್ಲ ಕೆಸರಾಗಿ, ಕೈಯಲ್ಲೊಂದು ಸುಣ್ಣದ ತುಂಡು ಹಿಡಿದು ಅಡ್ಡ ಬರುವವನಿಗೆ ಯಾರು ನಿಲ್ಲಿಸುತ್ತಾರೆ? ಕೊನೆಗೆ ಬಾಳೆಗೊನೆ ತುಂಬಿದ ಗೂಡ್ಸ್ ಆಟೋ ಒಂದು ಕನಿಕರಪಟ್ಟಿತು. ಮುಂದೆ ಜಾಗವಿಲ್ಲದೆ ಗೊನೆಗಳ ಮೇಲೆ ಗೊನೆಯಂತೆ ಮಲಗಿ ಅವನು ನಂಜನಗೂಡು ಸೇರಿದಾಗ ಹನ್ನೆರಡೂ ಮುಕ್ಕಾಲು.

ಪುಟ್ಟಬಸವಯ್ಯನವರ ಮನೆ ಮುಂದೆ ಅವರ ಮಗ ನಾಗೇಂದ್ರ ನೀರಿನ ಕ್ಯಾನು ಇಳಿಸುತ್ತಿದ್ದ. "ಬನ್ನಿ ಚೆಲುವಣ್ಣ. ಇದೇನಣ್ಣ, ನಾಟಿ ಮಾಡ್ಕಂಡ್ ಬಂದಂಗ್ ಇದ್ದೀರಾ?"

"ಆಮೇಲೆ ಏಳ್ತೀನಿ. ತಗೋ ಪೆನ್ ಡ್ರೈವ್, ಬೇಗ ಹಾಕು."

"ಇನ್ನೊಂದಾ? ಒಂದು ಆಗ್ಲೇ ಓಡ್ತಾ ಅದೆಯಲ್ಲ. ಮಾದಣ್ಣ ಬಸ್ಸಿಂದ ಇಳಿದು ಖುದ್ದು ಬಂದು ಆಲ್ಬಮ್ಮೂ ಪೆನ್ ಡ್ರೈವೂ ಕೊಟ್ಟೋದ. ಪೆಟ್ಗೆ ಮೇಲೆ ಅಡ್ರೆಸ್ ಇತ್ತಂತೆ. ‘ಪಾಪ, ಹುಡುಗ ಸುತ್ತೂರಲ್ಲಿ ಯಾವುದೋ ಮುದುಕಿ ಹಿಂದೆ ಓಡೋದ’ ಅಂದ."

ಚೆಲುವರಾಜುವಿನ ಕಾಲಲ್ಲಿದ್ದ ಕೆಸರು ಗಟ್ಟಿಯಾಯಿತು.

ನಡುಮನೆಯಲ್ಲಿ ನಲವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಗೋಡೆಯಗಲದ ಟಿವಿಯಲ್ಲಿ ಕಾಲುಗಳು ನಡೆಯುತ್ತಿದ್ದವು. ಬರೀ ಕಾಲುಗಳು. ಚಪ್ಪಲಿ ಕಾಲು, ಬರಿಗಾಲು, ಬಿರುಕು ಬಿಟ್ಟ ಹಿಮ್ಮಡಿ, ಕಾಲುಂಗುರ. ಇಡೀ ಪರದೆಗೆ ಕೆಂಪು ಬಣ್ಣ ಹೊಡೆದಿತ್ತು.

ಮುಂದಿನ ಸಾಲಿನಲ್ಲಿ ಗಂಡಿನ ತಂದೆ ಚನ್ನಯ್ಯ ಕೂತಿದ್ದರು. ಶ್ರಾವಣ ಹುಟ್ಟಿದ್ದರಿಂದ ಬೀಗರಿಗೆ ಬಾಡೂಟವಿಲ್ಲ, ಬರೀ ಹೋಳಿಗೆ ಎಂಬ ಸಿಟ್ಟು ಅವರಿಗೆ ಮೊದಲೇ ಇತ್ತು.

"ಅಲ್ಲ ಬೀಗ್ರೇ, ನಮ್ ಕಡೆಯೋರ್ ಮೊಕ ಎಲ್ಲಿ? ಬರೀ ಕಾಲ್ ತಗ್ದವ್ನಲ್ಲ? ನಾವೇನ್ ಕಾಲಿಗ್ ಬಿದ್ದು ಎಣ್ ತಗಂಡ್ ಓದ್ವಾ?"

"ನಮ್ ಕಡೆಯೋರ್ದೂ ಕಾಲೇ ಅಲ್ವಾ ಬೀಗ್ರೇ?" ಅಂದರು ಪುಟ್ಟಬಸವಯ್ಯ, ಹಣೆಯ ಬೆವರು ಒರೆಸುತ್ತಾ.

"ಅದೇ ನಾನ್ ಕೇಳದು. ನಮ್ ಕಾಲ್ ಯಾವುದು, ನಿಮ್ ಕಾಲ್ ಯಾವುದು? ಗೌರವ ಬ್ಯಾಡ್ವಾ?"

"ನನ್ ಹೊಸ ಸೀರೆ ಬರೀ ಅಂಚು ಕಾಣ್ತದೆ" ಎಂದು ಒಬ್ಬಳು ಅಳುಮುಖ ಮಾಡಿದಳು.

ಬಸವಪ್ರಸಾದ್ ಮಾತ್ರ ಕೈಕಟ್ಟಿ ಕೂತಿದ್ದ. ಅವನ ಮುಖ ಬೀಗ ಹಾಕಿದ ಮಂಟಪದ ಹಾಗಿತ್ತು.

ಚೆಲುವರಾಜು ನುಗ್ಗಿ, "ಇದಲ್ಲ, ಇದಲ್ಲ, ಇದು ತಪ್ಪಿ ಬಂದಿರೋದು!" ಎಂದು ಟಿವಿಯಿಂದ ಅದನ್ನು ಕಿತ್ತು, ಗೋವಿಂದಮ್ಮನ ಮುತ್ತನ್ನು ತುರುಕಿದ. ಟಿವಿ ಕಪ್ಪಾಯಿತು. ತೆಗೆದು ಊದಿದ, ಮತ್ತೆ ತುರುಕಿದ. ಟಿವಿ ಇನ್ನೂ ಕಪ್ಪಾಯಿತು. ನಾಗೇಂದ್ರ ಬಂದು ಊದಿದ. ಮದುಮಗ ಗುರು ಬಂದು ಪ್ಯಾಂಟಿಗೆ ಉಜ್ಜಿದ. ಕಮಲ, ಹಾರ್ಟು, ಹಿಮದ ಬೆಟ್ಟ ಎಲ್ಲವೂ ಸುಣ್ಣವಾಗಿದ್ದವು. ಇನ್ನೊಂದು ಪ್ರತಿ ಇದ್ದದ್ದು ಕರೆಂಟಿಲ್ಲದ ಅಂಗಡಿಯಲ್ಲಿ.

"ಅದನ್ನೇ ಹಾಕಯ್ಯ!" ಗುಡುಗಿದರು ಚನ್ನಯ್ಯ. "ದಾರೆನಾದ್ರೂ ನೋಡ್ತೀನಿ. ಆಮೇಲ್ ಅದೆ ನಿಂಗೆ."

ಕಾಲುಗಳು ಮತ್ತೆ ಬಂದವು, ಹೋದವು. ಗಟ್ಟಿಮೇಳ ಕೇಳಿಸಿತು. ಎಲ್ಲರೂ ಮುಂದಕ್ಕೆ ಬಾಗಿದರು. ಪರದೆಯ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಮೂಡಿತು. ಮುಂದಿನ ಸಾಲಿನ ಖಾಲಿ ಕುರ್ಚಿ. ಅದರ ಮೇಲೆ ಹಾರಿ ಬಂದ ಅಕ್ಷತೆ ಒಂದೊಂದೇ ಕಾಳಾಗಿ ಬೀಳುತ್ತಿತ್ತು. ಮಂತ್ರ, ವಾಲಗ, "ಗಟ್ಟಿಮೇಳ, ಗಟ್ಟಿಮೇಳ" ಎಂಬ ಕೂಗು ಎಲ್ಲ ಕೇಳುತ್ತಿದ್ದವು. ಕಾಣುತ್ತಿದ್ದದ್ದು ಕುರ್ಚಿ. ಒಂದು ನಿಮಿಷ. ಎರಡು ನಿಮಿಷ. ಮೂರು.

ಚನ್ನಯ್ಯ ಎದ್ದೇಬಿಟ್ಟರು. "ದಾರೆ ಎಲ್ಲಿ? ಏಯ್, ದಾರೆ ಎಲ್ಲಿ ಅಂದೆ! ನಾಕ್ ಜನ ಬಂದು ಮದ್ವೆ ತೋರ್ಸು ಅಂದ್ರೆ ಕುರ್ಚಿ ತೋರ್ಸ್ಲಾ? ಬೀಗ್ರೇ, ದಾರೆ ಕಾ‌ಣೋವರ್ಗೂ ನಾನು ಎಣ್ ಕರ್ಕಂಡ್ ಓಗಾಕಿಲ್ಲ. ಎದ್ದೇಳ್ಲಾ ಗುರು, ವ್ಯಾನ್ ಹತ್ತು!"

ಗುರು ಏಳಲಿಲ್ಲ. ಒಂದು ತಿಂಗಳ ಮೇಲೆ ಹೆಂಡತಿಯ ಮುಖ ಕಂಡಿದ್ದ ಅವನಿಗೆ ಕಾಲಿನ ವಿಡಿಯೋ ಆದರೂ ಸರಿಯೇ, ಕುರ್ಚಿಯ ವಿಡಿಯೋ ಆದರೂ ಸರಿಯೇ. ಪುಟ್ಟಬಸವಯ್ಯ ಚೆಲುವರಾಜುವಿನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಳು ಇತ್ತು.

"ಏನಪ್ಪಾ ಚೆಲುವ, ನನ್ ಮಗಳ ದಾರೆ ದಿನ ನಿಂಗೆ ಕುರ್ಚಿ ಯಾಕ್ ಕಾಣ್ತಪ್ಪ?"

ಚೆಲುವರಾಜು ಟಿವಿಯ ಕುರ್ಚಿಯ ಕಡೆ ನೋಡಿದ. ಇನ್ನು ಉಳಿದದ್ದು ನಿಜವೊಂದೇ. "ಅಣ್ಣಾರೆ... ಎಲ್ಲಾರೂ ಮದುಮಕ್ಕಳ ಕಡೆ ನೋಡ್ತಿದ್ರು. ನಂಗೆ ಆ ಕುರ್ಚಿ ಕಾಣ್ತು. ಬರಬೇಕಾದೋರು ಯಾರೋ ಬರ್ದೆ ಓದ್ರಲ್ಲಾ ಅನ್ನಿಸ್ತು. ಅವ್ರಿಗೆ ಅಂತ ಆ ಜಾಗ ಬುಟ್ಟಂಗಿತ್ತು. ಅಕ್ಷತೆ ಅವ್ರ ಮೇಲೂ ಬೀಳ್ತಾ ಇತ್ತು. ಅಷ್ಟೇ ಅಣ್ಣಾರೆ."

ಬಸವಪ್ರಸಾದ್ ಮೆಲ್ಲಗೆ, "ಆ ಕುರ್ಚಿ ಕಾಲ್ ಮುರಿದಿತ್ತು, ಅದಕ್ಕೇ ಯಾರೂ ಕೂತಿರ್ಲಿಲ್ಲ" ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಯಾಕೆಂದರೆ ಮೂಲೆಯಲ್ಲಿ ಕಂಬಕ್ಕೆ ಒರಗಿದ್ದ ಪುಟ್ಟಬಸವಯ್ಯನವರ ತಾಯಿ ಎದ್ದು ನಿಂತಿದ್ದರು. ಹೆಸರು ದೊಡ್ಡಮ್ಮ, ವಯಸ್ಸು ಎಂಬತ್ತೆರಡು, ಆಳು ಮೊಳದುದ್ದ. ಹತ್ತಿರ ಬಂದು ಟಿವಿಯನ್ನು ಮುಟ್ಟಿದರು.

"ಇವ್ರೇ ಕಣ್ಲಾ ಪುಟ್ಬಸ್ವ. ನಿಮ್ಮಪ್ಪ. ಇಂಗೇ ಮುಂದ್ಗಡೆ ಕೂತ್ಕತಿದ್ರು. ‘ದಿವ್ಯನ ದಾರೆ ನೋಡ್ಕಂಡೇ ಓಯ್ತೀನಿ’ ಅಂದಿದ್ರು. ಬಂದಿದ್ರಲ್ಲಾ! ನಾವ್ಯಾರೂ ನೋಡ್ನೇ ಇಲ್ವಲ್ಲೋ!"

ಅಷ್ಟೇ. ಪುಟ್ಟಬಸವಯ್ಯ "ಅಪ್ಪಾ" ಅಂದರು. ದಿವ್ಯ "ತಾತಾ" ಅಂದಳು. ಒಬ್ಬರ ಹಿಂದೊಬ್ಬರು ಕುರ್ಚಿಯಲ್ಲಿ ತಮ್ಮ ತಮ್ಮವರನ್ನು ಕೂರಿಸಿದರು. ಒಬ್ಬರು ಅಕ್ಕನನ್ನು, ಒಬ್ಬರು ಮಾವನನ್ನು. ಸೀರೆಯ ಅಂಚಿನವಳು ತನ್ನ ಎಮ್ಮೆಯನ್ನು. ವ್ಯಾನಿನ ಕಡೆ ಹೊರಟಿದ್ದ ಚನ್ನಯ್ಯ ಬಾಗಿಲಲ್ಲೇ ನಿಂತು, ಟವೆಲ್ಲಿಗೆ ಮೂಗು ಒರೆಸುತ್ತಾ, "ನಮ್ ತಮ್ಮ ಇದ್ದಿದ್ರೆ ಅಲ್ಲೇ ಕೂತ್ಕತಿದ್ದ ಕಣ್ರಿ. ಒಂದೇ ಕುರ್ಚಿ ಆಗೋಯ್ತು. ಒಂದೆರಡು ಜಾಸ್ತಿ ತಗೀಬೇಕಾಗಿತ್ತು" ಅಂದರು.

ಕುರ್ಚಿ ಆರು ನಿಮಿಷ ಇತ್ತು. ಮುಗಿದ ಮೇಲೆ "ಇನ್ನೊಂದ್ ಸಲ ಹಾಕು" ಅಂದರು. ಮೂರು ಸಲ ನೋಡಿದರು. ಹೋಳಿಗೆ ಆರಿತು, ಯಾರೂ ಕೇಳಲಿಲ್ಲ. ಚೆಲುವರಾಜು ಕೆಸರು ಕಾಲಿನಲ್ಲಿ ಬಾಗಿಲ ಮರೆಗೆ ನಿಂತು, ನಲವತ್ತು ಜನರ ಬೆನ್ನು ಒಟ್ಟಿಗೆ ಅಲುಗುವುದನ್ನು ನೋಡಿದ. ಗಡ್ಡದ ಮೇಷ್ಟ್ರು ಇದನ್ನು ನೋಡಬೇಕಿತ್ತು ಅನ್ನಿಸಿತು.

ಆಗಲೇ ಬಸವಪ್ರಸಾದ್ ಅವನ ಹೆಗಲ ಮೇಲೆ ಕೈಹಾಕಿ ಜಗಲಿಗೆ ಕರೆದುಕೊಂಡು ಬಂದ. ಅವನ ಕಣ್ಣೂ ಒದ್ದೆಯಾಗಿತ್ತು.

"ಚೆಲುವರಾಜು, ಎಷ್ಟೋ ಜನ ವಿಡಿಯೋದವರನ್ನ ನೋಡಿದೀನಪ್ಪ. ಇಷ್ಟು ಜನಾನ ಒಟ್ಟಿಗೆ ಅಳಿಸಿದೋನು ನೀನೊಬ್ನೇ."

"ಸಾ..."

"ನೀನು ಖಾಯಂ. ಇವತ್ತಿಂದ್ಲೇ."

ಚೆಲುವರಾಜುವಿಗೆ ಸ್ಟುಡಿಯೋದ ಬೋರ್ಡಿಗೆ ಹೊಸ ಬಣ್ಣ ಹೊಡೆದದ್ದು, ಪುಟ್ಟಲಕ್ಷ್ಮಿ ಅದಕ್ಕೂ ಕುಂಕುಮ ಇಟ್ಟದ್ದು, ಎರಡೂ ಒಟ್ಟಿಗೆ ಕಂಡವು. "ಶ್ರಾವಣದಲ್ಲಿ ಮುಹೂರ್ತ ಜಾಸ್ತಿ ಅಲ್ವಾ ಸಾ? ಮಂಟಪಕ್ಕೆ ಯಾವತ್ತಿಂದ ಬರ್ಲಿ?"

"ಮಂಟಪಕ್ಕಾ?" ಬಸವಪ್ರಸಾದ್ ಬೆಚ್ಚಿದ. "ಅಯ್ಯೋ, ಮಂಟಪದ ಹತ್ರ ಮಾತ್ರ ಸುಳೀಬೇಡ ಮಾರಾಯ. ಮದುವೇಲಿ ಹೆಣ್ಣೊಬ್ಳು ಅತ್ರೆ ಸಾಕು. ನಾನು ಹೇಳ್ತಿರೋದು ನನ್ನ ಇನ್ನೊಂದು ಲೈನಿಗೆ." ಜೇಬಿನಿಂದ ಕಾರ್ಡು ತೆಗೆದು ‘ಇತರೆ ಕಾರ್ಯಗಳು’ ಎಂಬಲ್ಲಿ ಬೆರಳಿಟ್ಟ. "ಫ್ರೀಜರ್ ಬಾಕ್ಸು, ವ್ಯಾನು, ತಿಥಿ ದಿನದ ಶಾಮಿಯಾನ, ಎಲ್ಲಾ ನಮ್ಮದೇ. ಈಗ ಅದಕ್ಕೂ ವಿಡಿಯೋ ಕೇಳ್ತಾರೆ. ನಮ್ ಹುಡುಗ್ರು ಅಲ್ಲೂ ಡ್ರೋನ್ ಹಾರಿಸಿ ಹಾರ್ಟ್ ಹಾಕಿಬಿಡ್ತಾರೆ, ಜನ ಹೊಡೆಯಕ್ ಬರ್ತಾರೆ. ನಿನ್ ಕೈ ಅದಕ್ಕೆ ಅಂತ್ಲೇ ಹೇಳಿ ಮಾಡಿಸ್ದಂಗಿದೆ. ಖಾಲಿ ಕುರ್ಚಿ, ಕಾಲು, ಇರುವೆ, ಎಲ್ಲಾ ಅಲ್ಲಿ ತಾನಾಗೇ ಸಿಗುತ್ತೆ. ಮದುವೆಗಾದ್ರೆ ಆಷಾಢ ಅಡ್ಡ ಬರುತ್ತೆ. ಇದಕ್ಕೆ ಯಾವ ಆಷಾಢ?"

ಚೆಲುವರಾಜು ಗೋಡೆ ಹಿಡಿದುಕೊಂಡ. ಗೋಡೆ ಮೆಲ್ಲಗೆ ಉಸಿರಾಡಿದಂತಾಯಿತು.

ಬಸವಪ್ರಸಾದ್ ಒಳಗಿನವರಿಗೆ ಸುದ್ದಿ ಹೇಳಲು ಹೋದ. ಅಷ್ಟರಲ್ಲಿ ಪುಟ್ಟಲಕ್ಷ್ಮಿಯ ಫೋನು ಬಂತು. "ಏನಾಯ್ತು ರೀ? ಖಾಯಂ ಮಾಡಿದ್ರಾ?"

"ಮಾಡಿದ್ರು."

"ನೋಡಿ ಮತ್ತೆ! ಬೆಳಿಗ್ಗೆ ನನ್ನೇ ಬೈದ್ರಿ. ಎರಡಕ್ಕೂ ಇಟ್ಟಿದ್ದಕ್ಕೇ ಆಗಿದ್ದು. ಮದ್ವೆ ಕೆಲ್ಸ ತಾನೇ?"

"ಬಂದು ಏಳ್ತೀನಿ" ಎಂದು ಫೋನಿಟ್ಟ. ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡ. ಆಗಲಿ. ಎಲ್ಲಾದರೇನು? ಇನ್ನು ಕಮಲ ಹಾಕು ಅನ್ನುವವರಿಲ್ಲ, ಹಾರ್ಟು ಕೇಳುವವರಿಲ್ಲ. ತನ್ನ ಮನಸ್ಸಿಗೆ ಬಂದಂತೆ, ಬೇಕಾದಷ್ಟು ಹೊತ್ತು ಕ್ಯಾಮೆರಾ ಇಟ್ಟುಕೊಂಡು ಕೂರಬಹುದು. ತೆಗೆಸಿಕೊಳ್ಳುವವರು ಅಲುಗುವುದೂ ಇಲ್ಲ.

"ಏನ್ಲಾ ಚೆಲುವ, ಒಳಕ್ ಬಾ!" ದೊಡ್ಡಮ್ಮನ ಕೂಗು ಕೇಳಿಸಿತು.

ಹೋಗಿ ನೋಡಿದರೆ ಕಿಟಕಿಯ ಕೆಳಗೆ ಚಾಪೆ ಹಾಸಿದೆ. ಮೊಮ್ಮಗಳ ಮದುವೆಯ ರೇಷ್ಮೆ ಸೀರೆಯುಟ್ಟು, ಬೀಗರು ತಂದಿದ್ದ ಹಾರವನ್ನು ಹಾಕಿಕೊಂಡು, ದೊಡ್ಡಮ್ಮ ಎದೆಯ ಮೇಲೆ ಕೈಜೋಡಿಸಿ ನೆಟ್ಟಗೆ ಮಲಗಿದ್ದಾರೆ.

"ಅಜ್ಜಿ! ಇದೇನಜ್ಜಿ?"

"ಬಸಪ್ರಸಾದ ಎಲ್ಲಾ ಏಳ್ದ. ನನ್ನುದ್ನೂ ನೀನೇ ತಗೀಬೇಕು ಕಣಪ್ಪ. ಆದ್ರೆ ಓದ್ಮೇಲೆ ತಗುದ್ರೆ ನಾನ್ ನೋಡಾಕ್ ಆಯ್ತದಾ? ಈಗ್ಲೇ ತಗಿ. ಚೆಂದಾಗಿಲ್ದಿದ್ರೆ ಇನ್ನೊಂದ್ ಸಲ ಮಲಿಕ್ಕತೀನಿ."

ಬಾಗಿಲಲ್ಲಿ ಎರಡೂ ಕಡೆಯ ಹಿರಿಯರು ತಮ್ಮ ಸರದಿಗೆ ಸಾಲುಗಟ್ಟಿದ್ದರು. ಮೊದಲಿಗರು ಚನ್ನಯ್ಯ. ನಾಗೇಂದ್ರ ತನ್ನ ಫೋನು ತಂದು ಚೆಲುವರಾಜುವಿನ ಕೈಗಿತ್ತ.

ಕಿಟಕಿಯಿಂದ ಒಂದು ಕೋಲು ಬಿಸಿಲು ಮುದುಕಿಯ ಹಿಮ್ಮಡಿಯ ಮೇಲೆ ಬಿದ್ದಿತ್ತು. ಎಂಬತ್ತೆರಡು ವರ್ಷ ನಡೆದ ಹಿಮ್ಮಡಿ. ಬಿರುಕುಗಳಲ್ಲಿ ಒಣಗಿದ ಹೊಳೆಗಳ ನಕ್ಷೆಯೇ ಇತ್ತು. ಚೆಲುವರಾಜುವಿನ ಒಳಗೆ ಏನೋ ಎದ್ದು ನಿಂತಿತು. ನೆಲಕ್ಕೆ ಮೊಣಕಾಲೂರಿ, ಉಸಿರು ಹಿಡಿದು, ಆ ಹಿಮ್ಮಡಿಯ ಮೇಲೆ ಫೋನು ನೆಟ್ಟ. ಒಂದು ನಿಮಿಷ. ಎರಡು ನಿಮಿಷ.

ದೊಡ್ಡಮ್ಮ ಒಂದು ಕಣ್ಣು ತೆರೆದರು.

"ಏನ್ಲಾ, ಆವಾಗ್ಲಿಂದ ಕಾಲ್ ತಾವೇ ಕೂತಿದ್ದೀಯಾ? ಅವೆಲ್ಲಾ ಬ್ಯಾರೆಯೋರ್ಗೆ ಆಯ್ತು, ಬುಡು. ನಂದು ಅಂಗಲ್ಲ. ಮೊಕ ಕಾಣ್ಬೇಕು. ನನ್ನ ಕಮಲದ ಊವಿನ ಮೇಲೆ ಕೂರುಸ್ಬೇಕು. ಹಿಂದ್ಗಡೆ ಆ ಬೆಳ್ಳಗಿನ ಬೆಟ್ಟ ಇರ್ಬೇಕು. ನಮ್ ಯಜಮಾನ್ರು ಹಾರ್ಟಿನೊಳಗಿಂದ ನಗ್ತಾ ನಗ್ತಾ ಬಂದು ಕೈ ಹಿಡ್ಕಂಡ್ ಮೇಲಕ್ ಕರ್ಕಂಡ್ ಓಗ್ಬೇಕು. ಆಯ್ತದಾ?"

"ನಂಗೂ ಅಂಗೇ" ಅಂದರು ಬಾಗಿಲಿನಿಂದ ಚನ್ನಯ್ಯ.

ಚೆಲುವರಾಜು ಬಿಸಿಲಿನ ಕೋಲನ್ನು ಒಮ್ಮೆ ನೋಡಿದ. ಅದು ಮೆಲ್ಲಗೆ ಹಿಮ್ಮಡಿ ಬಿಟ್ಟು ಗೋಡೆಗೆ ಸರಿಯುತ್ತಿತ್ತು. ಅವನು ಎದ್ದು, ಮೊಣಕಾಲು ಕೊಡವಿ, ಮುದುಕಿಯ ಮುಖದ ಕಡೆಗೆ ಬಂದು ನಿಂತ.

"ಕಮಲ ಕೆಂಪು ಹಾಕ್ಲಾ ಅಜ್ಜಿ, ಬಿಳೀದು ಹಾಕ್ಲಾ?"

"ಎರಡೂ ಹಾಕು ಕಣ್ಲಾ" ಎಂದು ದೊಡ್ಡಮ್ಮ ಮತ್ತೆ ಕಣ್ಣು ಮುಚ್ಚಿದರು.